ಡರ್ಟಿ ಪೈಪ್: ಪ್ಯಾಚ್‌ನಿಂದ ಹಿಂದಕ್ಕೆ ಓದಿದ ನನ್ನ ಅನುಭವ

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೆಕ್ಯುರಿಟಿ ದೋಷ ಒಂದನ್ನಾದರೂ ಪೂರ್ತಿ ಅರ್ಥ ಮಾಡಿಕೊಳ್ಳಬೇಕು ಅನ್ನುವವರು ಡರ್ಟಿ ಪೈಪ್ ಹಿಡಿಯಿರಿ. ಸಾರ್ವಜನಿಕ ದೋಷಗಳ ಪಟ್ಟಿಯಲ್ಲಿ ಇದರ ನಂಬರು ಸಿವಿಇ-2022-0847. ಮ್ಯಾಕ್ಸ್ ಕೆಲ್ಲರ್‌ಮನ್ ಇದನ್ನು ಮಾರ್ಚ್ 2022ರಲ್ಲಿ ಬಹಿರಂಗ ಮಾಡಿದರು. ಓದಲು ಮಾತ್ರ ಅನುಮತಿ ಇರುವ ಫೈಲ್‌ಗೆ ಸಾಮಾನ್ಯ ಯೂಸರ್ ಬರೆದುಬಿಡಬಹುದು, ಅಷ್ಟು ಗಂಭೀರ.

ನಾನು ಮೊದಲು ಓದಿದ್ದು ಪ್ಯಾಚ್, ಅಂದರೆ ದೋಷ ಸರಿಪಡಿಸಿದ ಕೋಡ್ ಬದಲಾವಣೆ. ಎರಡು ಫಂಕ್ಷನ್‌ಗಳಲ್ಲಿ ತಲಾ ಒಂದೇ ಸಾಲು: ಬಫರ್‌ನ (ಡೇಟಾ ತಾತ್ಕಾಲಿಕವಾಗಿ ಇಡುವ ಜಾಗ) ಫ್ಲ್ಯಾಗ್ಸ್ (ಅದರ ಗುರುತುಗಳು) ಸೊನ್ನೆ ಮಾಡು. ಇಷ್ಟಕ್ಕೆ ಇಷ್ಟು ದೊಡ್ಡ ದೋಷ ಯಾಕೆ ಮುಚ್ಚುತ್ತದೆ ಅಂತ ಕೇಳಿಕೊಂಡು ಹಿಂದಕ್ಕೆ ಹೋದೆ.

ಓದಿದ ಫೈಲನ್ನು ಕರ್ನಲ್ ಸಾಮಾನ್ಯವಾಗಿ 4096 ಬೈಟ್‌ಗಳ ಪೇಜ್‌ಗಳಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಪೇಜ್ ಕ್ಯಾಶ್. ಪೈಪ್ ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ದಾರಿ, ಅದರಲ್ಲಿ ಸಾಮಾನ್ಯವಾಗಿ 16 ಬಫರ್‌ಗಳ ರಿಂಗ್ ಇರುತ್ತದೆ. ಫೈಲ್‌ನಿಂದ ಪೈಪ್‌ಗೆ ಡೇಟಾ ಸಾಗಿಸುವ ಸ್ಪ್ಲೈಸ್ ಕರೆದರೆ ಡೇಟಾ ಕಾಪಿ ಆಗೋದಿಲ್ಲ, ಪೇಜ್ ಕ್ಯಾಶ್‌ನ ಪೇಜನ್ನೇ ಬಫರ್‌ಗೆ ಸಿಕ್ಕಿಸುತ್ತಾರೆ. ಆದರೆ ಆ ಬಫರ್‌ನಲ್ಲಿ ಹಿಂದಿನ ಬಳಕೆಯ 'ಕ್ಯಾನ್ ಮರ್ಜ್' ಫ್ಲ್ಯಾಗ್ ಹಾಗೇ ಉಳಿದಿರಬಹುದು, ಉಂಡ ತಟ್ಟೆ ತೊಳೆಯದೆ ಇನ್ನೊಬ್ಬರಿಗೆ ಬಡಿಸಿದ ಹಾಗೆ. ಫ್ಲ್ಯಾಗ್ ಇದೆ ಅಂದರೆ ಮುಂದಿನ ರೈಟ್ ಅದೇ ಪೇಜ್‌ಗೆ ಸೇರಿಸುತ್ತದೆ. ಪೈಪ್‌ಗೆ ಬರೆಯುವಾಗ ಫೈಲ್‌ನ ಅನುಮತಿಯನ್ನು ಯಾರು ಕೇಳ್ತಾರೆ? ಯಾರೂ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇದರ ಇತಿಹಾಸ. ಸೊನ್ನೆ ಮಾಡದೆ ಬಿಟ್ಟಿದ್ದು 2016ರ 4.9 ಕರ್ನಲ್‌ನಲ್ಲಿ. ಆಗ ಅಪಾಯದ ಫ್ಲ್ಯಾಗೇ ಇರಲಿಲ್ಲ, ಹಾಗಾಗಿ ಸುಮ್ನೆ ಬಿದ್ದಿತ್ತು. 2020ರ 5.8ರಲ್ಲಿ ಕೋಡ್ ಚೊಕ್ಕ ಮಾಡುವಾಗ ಮರ್ಜ್ ವಿಷಯವನ್ನು ಫ್ಲ್ಯಾಗ್‌ಗೆ ತಂದರು, ಹಳೆಯ ತಪ್ಪಿಗೆ ಜೀವ ಬಂತು. ಎರಡನ್ನೂ ಬೇರೆ ಬೇರೆ ನೋಡಿದರೆ ಏನೂ ಕಾಣೋದಿಲ್ಲ, ಅಲ್ವಾ?

ಆಮೇಲೆ ಕ್ಯೂಎಮು ಅನ್ನೋ ವರ್ಚುವಲ್ ಮಷೀನ್ ಪ್ರೋಗ್ರಾಂನಲ್ಲಿ ದೋಷವಿರುವ ಕರ್ನಲ್ 5.15.24 ಮತ್ತು ಸರಿಪಡಿಸಿದ 5.15.25 ಎರಡನ್ನೂ ಓಡಿಸಿದೆ. ಇಂಥದ್ದನ್ನು ವರ್ಚುವಲ್ ಮಷೀನ್‌ನಲ್ಲೇ ಮಾಡಿ, ನಿಮ್ಮದೇ ಫೈಲ್ ಮೇಲೆ ಮಾಡಿ. ರೂಟ್ (ಸಿಸ್ಟಮ್‌ನ ಅಡ್ಮಿನ್) ಹೆಸರಲ್ಲಿ 0444 ಅನುಮತಿಯ, ಅಂದರೆ ಎಲ್ಲರಿಗೂ ಓದಲು ಮಾತ್ರ ಬಿಡುವ ಫೈಲ್, ಒಳಗೆ ಬರೀ ಎ ಅಕ್ಷರ. ಪೈಪ್ ತುಂಬಿಸಿ, ಖಾಲಿ ಮಾಡಿ, ಒಂದು ಬೈಟ್ ಸ್ಪ್ಲೈಸ್ ಮಾಡಿ, ಬಿ ಅಕ್ಷರಗಳನ್ನು ಬರೆದೆ. ಕೋಡನ್ನು ನಡುವೆ ನಿಲ್ಲಿಸಿ ನೋಡುವ ಜಿಡಿಬಿಯಲ್ಲಿ, ಪೈಪ್‌ಗೆ ಬರೆಯುವ ಪೈಪ್_ರೈಟ್ ಫಂಕ್ಷನ್ ಹತ್ತಿರ ನಿಲ್ಲಿಸಿ ಫ್ಲ್ಯಾಗ್ಸ್ ನೋಡಿದರೆ 16, ಅಂದರೆ ಅದೇ ಕ್ಯಾನ್ ಮರ್ಜ್. ಕೆಲವು ವೇರಿಯಬಲ್‌ಗಳನ್ನು ಕಂಪೈಲರ್ ನುಂಗಿರುತ್ತದೆ, ಆಗ ಪೈಪ್‌ನ ರಿಂಗ್ ಹಿಡಿದು ಬಫರ್‌ವರೆಗೆ ಹೋಗಿ ನೋಡಬೇಕು. ಫೈಲ್‌ನಲ್ಲಿ ಮೊದಲ ಎ ಮಾತ್ರ ಹಾಗೇ ಇತ್ತು, ಏಕೆಂದರೆ ಸ್ಪ್ಲೈಸ್ ಮಾಡಿದ ಆ ಬೈಟ್ ದಾಟಿಯೇ ರೈಟ್ ಶುರುವಾಗುತ್ತದೆ. 5.15.25ರಲ್ಲಿ ಅದೇ ಪ್ರೋಗ್ರಾಂಗೆ ಫ್ಲ್ಯಾಗ್ಸ್ ಸೊನ್ನೆ, ಬಿ ಅಕ್ಷರಗಳು ಪೈಪ್‌ನ ಹೊಸ ಪೇಜ್‌ಗೆ ಹೋದವು, ಫೈಲ್ ಇದ್ದ ಹಾಗೇ ಇತ್ತು.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ ನೋಡಿ. ಹಳೆಯ ಕರ್ನಲ್‌ನಲ್ಲಿ ಫೈಲ್ ಬದಲಾದ ಮೇಲೆ ರೂಟ್ ಆಗಿ ಪೇಜ್ ಕ್ಯಾಶ್ ಖಾಲಿ ಮಾಡಿ ಮತ್ತೆ ಓದಿದೆ. ಎಲ್ಲಾ ಎ ವಾಪಸ್! ಈ ದಾರಿಯಲ್ಲಿ ಬರೆದಾಗ ಪೇಜ್‌ಗೆ ಡರ್ಟಿ ಗುರುತು (ಡಿಸ್ಕ್‌ಗೆ ಬರೆಯಬೇಕು ಅನ್ನೋ ಗುರುತು) ಬೀಳೋದಿಲ್ಲ, ಹಾಗಾಗಿ ಬದಲಾವಣೆ ಡಿಸ್ಕ್‌ಗೆ ಹೋಗಿರಲೇ ಇಲ್ಲ. ಮಷೀನ್ ರೀಬೂಟ್ ಮಾಡಿ ಆಮೇಲೆ ಡಿಸ್ಕ್ ಹುಡುಕುವವರಿಗೆ ಆ ಫೈಲ್‌ನಲ್ಲಿ ಏನೂ ಸಿಗದೇ ಹೋಗಬಹುದು.