ರಾತ್ರಿ ವೈಫೈ ತಿರುಗುತ್ತಾ ನಿಂತರೆ ಮೊದಲು ಚಾನೆಲ್ ನೋಡಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳೇ ಜಾಸ್ತಿ. ಮೊನ್ನೆ ಸೆಕೆ ತಡೆಯಲಾರದೆ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಮೊಬೈಲ್ ತೆಗೆದೆ, ಸುಮ್ನೆ ಎಣಿಸಿದೆ. 22 ವೈಫೈ ಹೆಸರುಗಳು! ಕೆಳಗೆ ಮಗಳ ಆನ್‌ಲೈನ್ ಪಾಠ ದಿನಾ ರಾತ್ರಿ ಎಂಟಕ್ಕೆ ಯಾಕೆ ನಿಂತು ನಿಂತು ಬರುತ್ತಿತ್ತು ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು.

ಆದರೆ ಮೊದಲು ತಪ್ಪು ಎಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರ್‌ಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್‌ನಲ್ಲೂ ನಿಧಾನ ಅಂದರೆ ದೋಷ ಲೈನಿನದು, ಕನೆಕ್ಷನ್ ಕೊಟ್ಟವರಿಗೆ ದೂರು ಕೊಡಿ. ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ಒದ್ದಾಡಿದರೆ ಮುಂದೆ ಓದಿ.

ಹೆಚ್ಚಿನ ಮನೆಗಳ ವೈಫೈ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಅದು ರೇಡಿಯೊ ಅಲೆಗಳ ಒಂದು ಪಟ್ಟಿ. ನಮ್ಮಲ್ಲಿ ಅದಕ್ಕೆ 13 ಚಾನೆಲ್, ಅಂದರೆ ಸಿಗ್ನಲ್ ಕೂರುವ ಜಾಗಗಳು. ಮಾಳಿಗೆ ಮೇಲೆ ಗೇಣಿಗೊಂದರಂತೆ 13 ಗೆರೆ ಎಳೆದಿದೆ ಅಂದುಕೊಳ್ಳಿ. ಒಬ್ಬೊಬ್ಬರ ಚಾಪೆ ನಾಲ್ಕು ಗೇಣಿಗಿಂತ ಚೂರು ಅಗಲ. ಒಬ್ಬರ ಚಾಪೆ ಇನ್ನೊಬ್ಬರ ಮೇಲೆ ಬೀಳದಂತೆ ಎಷ್ಟು ಹಾಸಬಹುದು? ಆರಾಮಾಗಿ ಮೂರೇ: 1, 6, 11. ಗೆರೆಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಸಿಗ್ನಲ್‌ನ ಅಗಲ 20ರಿಂದ 22 ಮೆಗಾಹರ್ಟ್ಸ್, ಲೆಕ್ಕ ಇಷ್ಟೇ.

ಎಷ್ಟೋ ಜನ ಎಡವುವುದು ಇಲ್ಲೇ. 3 ಖಾಲಿ ಕಾಣುತ್ತಿದೆ, ಅಲ್ಲಿಗೆ ಹೋಗೋಣ ಅಂತ ಹೋಗುತ್ತಾರೆ. ದಯವಿಟ್ಟು ಬೇಡ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಂದರ ಮಾತು ಒಂದಕ್ಕೆ ಕೇಳಿಸಿ ಸರದಿ ಕಾಯುತ್ತವೆ, ನಿಧಾನವಾದರೂ ಕೆಲಸ ನಡೆಯುತ್ತದೆ. 3ರಲ್ಲಿ ಕೂತರೆ 1ರವರಿಗೂ 6ರವರಿಗೂ ನೀವು ಬರೀ ಗದ್ದಲ, ನಿಮಗೂ ಅವರು ಗದ್ದಲ.

ಇನ್ನು ನೋಡುವ ಕೆಲಸ. ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ರೂಟರ್ ಪಕ್ಕ ನಿಲ್ಲಬೇಡಿ, ತೊಂದರೆ ಆಗುವ ಜಾಗದಲ್ಲೇ ಕೂತು ನೋಡಿ. ಒಂದೊಂದು ವೈಫೈ ಒಂದೊಂದು ಗುಡ್ಡದ ಹಾಗೆ ಕಾಣುತ್ತದೆ, ಪಕ್ಕದಲ್ಲಿ ಡಿಬಿಎಂ ಅಂತ ಮೈನಸ್ ಅಂಕಿ, ಅದು ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ. −40 ಅಂದರೆ ತೀರಾ ಜೋರು, −88 ಅಂದರೆ ದೂರದ ಪಿಸುಮಾತು. ನನಗೆ ಕಂಡದ್ದು: 1ರಲ್ಲಿ ಐದು, 6ರಲ್ಲಿ ಹನ್ನೊಂದು, 11ರಲ್ಲಿ ನಾಲ್ಕು, 3ರಲ್ಲಿ ಒಂದು, 9ರಲ್ಲಿ ಒಂದು. ನಮ್ಮದೂ ಆ 6ರ ಗುಂಪಿನಲ್ಲೇ ಇತ್ತು. ಬರೀ ತಲೆ ಎಣಿಸಿದರೆ ಸಾಲದು, −88ರ ಐದು ಹೆಸರುಗಳಿಗಿಂತ −50ರಲ್ಲಿ ಇರುವ, ರಾತ್ರಿಯೆಲ್ಲ ಸಿನಿಮಾ ಓಡಿಸುವ ಒಂದೇ ಮನೆ ಜಾಸ್ತಿ ಕಾಟ ಕೊಡುತ್ತದೆ. ಯಾರು ಎಷ್ಟು ಬಳಸುತ್ತಾರೆ ಅಂತ ಆ್ಯಪ್ ಹೇಳುವುದಿಲ್ಲ, ಅದು ನಿಮಗೇ ಗೊತ್ತಿರಬೇಕು.

ಬದಲಾಯಿಸುವುದು ಸುಲಭ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆಯಿರಿ, ಸರಿಯಾದ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್ ಕೆಳಗಿನ ಸ್ಟಿಕರ್‌ನಲ್ಲಿರುತ್ತವೆ. ವೈರ್‌ಲೆಸ್ ಅಥವಾ ಡಬ್ಲ್ಯೂಲ್ಯಾನ್ ಒಳಗೆ 2.4ಜಿ ಹುಡುಕಿ, ಚಾನೆಲ್ ‘ಆಟೋ’ ಇದ್ದದ್ದನ್ನು ನೀವು ಆರಿಸಿದ ಅಂಕಿಗೆ ಇಡಿ. ಅಲ್ಲೇ ಚಾನೆಲ್ ವಿಡ್ತ್ ಇರುತ್ತದೆ, ಅದನ್ನು 20ಕ್ಕೆ ಇಡಿ. 40 ಇಟ್ಟರೆ ಇಬ್ಬರ ಚಾಪೆ ಒಬ್ಬರೇ ಹಾಸಿದಂತೆ. ಸೇವ್ ಕೊಟ್ಟರೆ ನೆಟ್ ಒಂದು ನಿಮಿಷ ಹೋಗಿ ಬರುತ್ತದೆ, ಗಾಬರಿ ಬೇಡ. ಆಟೋ ಯಾಕೆ ಬೇಡ ಅಂದರೆ, ಬಹಳಷ್ಟು ರೂಟರ್‌ಗಳು ಆನ್ ಆದಾಗ ಮಾತ್ರ ಜಾಗ ಹುಡುಕುತ್ತವೆ. ಕರೆಂಟ್ ಹೋಗಿ ಬಂದಾಗ ಬೀದಿಯ ರೂಟರ್‌ಗಳೆಲ್ಲ ಒಟ್ಟಿಗೇ ಎದ್ದು ಸಿಕ್ಕಲ್ಲಿ ಕೂತುಬಿಡುತ್ತವೆ.

ನಾನು 11ಕ್ಕೆ ಹೋದೆ. ಆ 3ರವರು ನಮ್ಮ ಹಿಂದಿನ ಮನೆಯವರೇ. ಹೋಗಿ ಕೇಳಿದೆ: “ಅಣ್ಣಾ, ನಿಮ್ಮ ರೂಟರ್ 3ರಾಗೈತೆ, 1ಕ್ಕೆ ಹಾಕ್ಲಾ?” “ಹಾಕಪ್ಪಾ, ನಮ್ದೂ ರಾತ್ರಿಯಾದ್ರೆ ನಿಂತೇ ಬಿಡ್ತೈತೆ.” ಎರಡು ನಿಮಿಷದ ಕೆಲಸ. ಪಕ್ಕದವರ ಜೊತೆ ಮಾತಾಡಿಕೊಂಡರೆ ಆಗುವಷ್ಟು ಅನುಕೂಲ ಒಬ್ಬರೇ ಚಾನೆಲ್ ತಿರುವಿದರೆ ಆಗುವುದಿಲ್ಲ.

ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಟಿವಿ, ಲ್ಯಾಪ್‌ಟಾಪ್ ಅದಕ್ಕೇ ಹಾಕಿ. ಅಲ್ಲಿ ಜಾಗ ಧಾರಾಳ. ಚಾನೆಲ್ 36ರಿಂದ 48 ಅಥವಾ 149ರಿಂದ 161 ಒಳ್ಳೆಯದು, ನಡುವಿನ 52ರಿಂದ 144ರಲ್ಲಿ ರಾಡಾರ್ ಸಿಗ್ನಲ್ ಕಂಡರೆ ರೂಟರ್ ಆ ಚಾನೆಲ್ ಬಿಟ್ಟು ಏಳಬೇಕಾಗುತ್ತದೆ. ಆದರೆ ಹಳೆಯ ಕಲ್ಲಿನ ಮನೆಯ ದಪ್ಪ ಗೋಡೆ ಎರಡು ಅಡ್ಡ ಬಂದರೆ 5 ಸೋಲುತ್ತದೆ, ಅಂಥ ಕೋಣೆಗೆ 2.4 ಇರಲಿ.

ಬದಲಾಯಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಎರಡು ಮೂರು ದಿನ ನೋಡಿ. ಸರಿಹೋದರೆ ಚಾನೆಲ್ ಅಂಕಿಯನ್ನು ಚೀಟಿಯಲ್ಲಿ ಬರೆದು ರೂಟರ್ ಮೇಲೆ ಅಂಟಿಸಿ. ರಿಪೇರಿಗೆ ಬಂದವರು ರೀಸೆಟ್ ಒತ್ತಿದರೆ ಅದು ಮತ್ತೆ ಆಟೋಗೆ ಹೋಗಿರುತ್ತದೆ.