ತಗಡಿನ ಕೆಳಗೆ ಅಣಬೆ ಹಲಗೆ: ನನ್ನ ಅನುಭವ

ಚನ್ನಗಿರಿ ಹತ್ತಿರ ನಮ್ಮ ತೋಟದ ಶೆಡ್ಡಿನ ತಗಡಿನ ಕೆಳಗೆ ಪ್ರಿಂಟ್ ಮಾಡಿ ಬೆಳೆಸಿದ ನಲವತ್ತು ಅಣಬೆ ಹಲಗೆ ಹೊಡೆದು ಎರಡು ಮಳೆಗಾಲ ಆಯ್ತು. ಅಣಬೆ ಹಲಗೆ ಅಂದರೆ ಅಡಿಕೆ ಸಿಪ್ಪೆಯ ಪುಡಿಯೊಳಗೆ ಅಣಬೆಯ ಬೇರಿನಂಥ ಬಿಳಿ ಜಾಲ ಹಬ್ಬಿ, ಅದೇ ಅಂಟಾಗಿ ಗಟ್ಟಿಯಾದ ಹಲಗೆ. ಒಂದೂ ಉದುರಿಲ್ಲ. "ಸೂರಿಗೆ ಹಾಕ್ತೀಯೋ, ಸಾರಿಗೆ ಹಾಕ್ತೀಯೋ?" ಅಂತ ನಕ್ಕವರೇ ಈಗ ಮಧ್ಯಾಹ್ನ ಅದರ ಕೆಳಗೆ ಬಂದು ಮಲಗುತ್ತಾರೆ.

ಚಿಪ್ಪಣಬೆ ಬೆಳೆದು ಅಭ್ಯಾಸವಿತ್ತು. ಹಸಿ ಮಣ್ಣನ್ನು ಎಳೆಯಾಗಿ ಒತ್ತಿ ಪದರದ ಮೇಲೆ ಪದರ ಕಟ್ಟುವ 3ಡಿ ಪ್ರಿಂಟರ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಅರವತ್ತು ಸಾವಿರ ಚಿಲ್ಲರೆ. ಅಡಿಕೆ ಸಿಪ್ಪೆ ಪುಕ್ಕಟೆ. ಮೊದಲ ದಿನವೇ ನಾಜಲ್, ಅಂದರೆ ಎಳೆ ಹೊರಬರುವ ಮೂತಿ, ಕಟ್ಟಿತು. ಪಿಸ್ಟನ್ ಒತ್ತಿದಷ್ಟೂ ಕಂದು ನೀರು ಮಾತ್ರ ತೊಟ್ಟಿಕ್ಕಿತು, ನಾರು ಒಳಗೇ ಹಕ್ಕಿಗೂಡಿನ ಥರ ಬಿಗಿಯಿತು. ಸಿಪ್ಪೆ ಬೀಸಿ, ರವೆ ಜರಡಿ ಹಿಡಿದು, ಇಸಬ್‌ಗೋಲ್ ಸೇರಿಸಿದ ಮೇಲೆ ಎಳೆ ಬಂತು. ಅಳತೆ ಮಾತ್ರ ಕೇಳಬೇಡಿ, ಅದಕ್ಕೇ ಒಂದು ವರ್ಷ ಹೋಗಿದೆ.

ಆಮೇಲೆ ಹಸಿರು ಬೂಷ್ಟು. ಹದಿನೈದು ಸಾವಿರದ ಮಾಲು ಗೊಬ್ಬರದ ಗುಂಡಿಗೆ ಹೋಯಿತು. ನೋಡಿದರೆ, ಅಡಿಕೆ ಬುಡಕ್ಕೆ ಹಾಕಲು ತಂದ ಟ್ರೈಕೋಡರ್ಮಾ (ಬೇರೆ ಶಿಲೀಂಧ್ರಗಳನ್ನು ಕೊಲ್ಲುವ ಹಸಿರು ಬೂಷ್ಟು) ಚೀಲ ಅದೇ ಶೆಡ್ಡಿನ ಮೂಲೆಯಲ್ಲಿತ್ತು! ದುಡ್ಡು ಕೊಟ್ಟು ಕಳ್ಳನನ್ನು ಕರೆತಂದಿದ್ದೆ. ಚೀಲ ಆಚೆ ಹೋಯಿತು. ಜೊತೆಗೆ, ಬಿಳಿ ಜಾಲ ಐದಾರು ದಿನ ಓಡಿದ ಸಿಪ್ಪೆಯನ್ನೇ ಪುಡಿ ಮಾಡಿ ಪ್ರಿಂಟಿಗೆ ಹಾಕತೊಡಗಿದೆ. ಆಮೇಲೆ ಹತ್ತರಲ್ಲಿ ಎಂಟು ಉಳಿದವು.

ಅಚ್ಚಿಗೆ ತುಂಬಿ ಬೆಳೆಸಿದರೆ ಸಾಕಲ್ವಾ, ಪ್ರಿಂಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 2014ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 10,000 ಅಣಬೆ ಇಟ್ಟಿಗೆಯ ಗೋಪುರ ನಿಂತಿದ್ದು ಅಚ್ಚಿನಿಂದಲೇ, ಒಂದು ಬೇಸಿಗೆಯ ಮಟ್ಟಿಗೆ. ನಾನೂ ಅಚ್ಚಿನಲ್ಲಿ ದಪ್ಪ ಹಲಗೆ ಹಾಕಿ ನೋಡಿದೆ. ಒಡೆದರೆ ನಡುವೆ ಕಪ್ಪು, ಹುಳಿ ವಾಸನೆ. ಗಾಳಿ ಹೋಗಿರಲಿಲ್ಲ. ಜೇನುಗೂಡಿನ ಥರ ಟೊಳ್ಳು ಬಿಟ್ಟು, ಬೆರಳು ದಪ್ಪದ ಗೋಡೆ ಪ್ರಿಂಟ್ ಮಾಡಿದರೆ ಹನ್ನೆರಡು ದಿನದಲ್ಲಿ ಒಳಗೂ ಹೊರಗೂ ಬೆಳ್ಳಗೆ. ಅದು ಅಚ್ಚಿನಲ್ಲಿ ಸುಲಭಕ್ಕೆ ಬರಲ್ಲ.

ಒಣಗಿಸಿದ್ದು ಅಡಿಕೆ ಡ್ರೈಯರ್‌ನಲ್ಲಿ, 70-80 ಡಿಗ್ರಿ, ಒಳಗಿನ ಜಾಲ ಸಾಯಲಿ ಅಂತ. ಅವಸರದಲ್ಲಿ ಅರ್ಧ ಒಣಗಿಸಿದ ಒಂದು ಹಲಗೆ ಆಷಾಢದಲ್ಲಿ ಅಣಬೆ ಬಿಟ್ಟಿತು. ಸಾರು ಚೆನ್ನಾಗಿತ್ತು. ಮಿಕ್ಕವಕ್ಕೆ ಸುಣ್ಣ ಬಳಿದೆ, ಸುಣ್ಣಕ್ಕೆ ಏನೋ ಬೆರೆಸಿ.

ಭಾರ ಹೊರುವ ಕೆಲಸಕ್ಕೆ ಬೇಡ. ಸೆಕೆಗೆ ಸರಿ: ಮಧ್ಯಾಹ್ನ ನಾಲ್ಕೈದು ಡಿಗ್ರಿ ಕಮ್ಮಿ. ಹಲಗೆಗೆ ತೊಂಬತ್ತು ರೂಪಾಯಿ ಬಿದ್ದಿದೆ, ನನ್ನ ಕೂಲಿ ಬಿಟ್ಟು. ಥರ್ಮಾಕೋಲ್ ಈಗಲೂ ಅಗ್ಗ. ಈಗ ಕಾಫಿ ಸಿಪ್ಪೆ ಹಾಕಿ ನೋಡುತ್ತಿದ್ದೇನೆ. ಎಳೆ ನಯವಾಗಿ ಬರುತ್ತೆ, ಒಣಗಿದರೆ ಬಿರುಕು.