ಗಾಳಿ ಬರುವ ಮೊದಲು, ಗಾಳಿ ನಿಂತ ಮೇಲೆ

ಚಂಡಮಾರುತ ಬರುತ್ತಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಗಾಳಿಯ ವೇಗ ಎಷ್ಟು ಅಂತ. ನಾನು ಮೊದಲು ಕೇಳುವುದು ನೀರು ಎಲ್ಲಿವರೆಗೆ ನುಗ್ಗುತ್ತದೆ ಅಂತ. ಅಮೆರಿಕದಲ್ಲಿ ಚಂಡಮಾರುತಕ್ಕೆ ಒಂದರಿಂದ ಐದರವರೆಗಿನ ದರ್ಜೆ ಹೇಳುತ್ತಾರಲ್ಲ (ಐದು ಅಂದರೆ ಅತಿ ಜೋರು), ಅದು ಬರೀ ಗಾಳಿಯ ಲೆಕ್ಕ. 2005ರಲ್ಲಿ ಅಮೆರಿಕದ ಕತ್ರೀನಾ ಚಂಡಮಾರುತ ದಡ ಮುಟ್ಟುವ ಹೊತ್ತಿಗೆ ಮೂರನೇ ದರ್ಜೆಗೆ ಇಳಿದಿತ್ತು. ಆದರೂ ಮಿಸಿಸಿಪಿ ದಡದಲ್ಲಿ ಸಮುದ್ರ 8 ಮೀಟರಿಗೂ ಮೇಲೆ ಉಕ್ಕಿತು. ಹಾಗಾಗಿ ತಗ್ಗಿನಲ್ಲಿರುವವರು ‘ನಮ್ಮ ಮನೆ ಗಟ್ಟಿ’ ಅಂತ ಕೂರಬೇಡಿ. ಹೊರಡಿ ಅಂದರೆ ಹೊರಟುಬಿಡಿ, ಅದೂ ಹಗಲಿನಲ್ಲೇ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ಸಾಕು, ಆಳು ಬೀಳುತ್ತಾನೆ. 30 ಆದರೆ ಸಣ್ಣ ಕಾರೇ ತೇಲಿಹೋಗುತ್ತದೆ.

ಹೊರಡುವುದು ಅಂದರೆ ಬರೀ ನಿಮ್ಮ ಮನೆಯವರಲ್ಲ. ಬೀದಿಯಲ್ಲಿ ಗಾಡಿ ಇಲ್ಲದವರು ಯಾರು, ಹಾಸಿಗೆ ಹಿಡಿದವರು ಯಾರು, ಕರೆಂಟಿನಿಂದ ನಡೆಯುವ ಆಮ್ಲಜನಕದ ಯಂತ್ರ ಇಟ್ಟುಕೊಂಡವರು ಯಾರು, ಇದೆಲ್ಲ ಮಳೆ ಶುರುವಾದ ಮೇಲೆ ಹುಡುಕುವ ವಿಷಯವಲ್ಲ. ಮೊದಲೇ ಒಂದು ಹಾಳೆಯಲ್ಲಿ ಬರೆದು, ಯಾರನ್ನು ಯಾರು ಕರೆದೊಯ್ಯಬೇಕು ಅಂತ ಹೆಸರು ಹಿಡಿದು ಹಂಚಿಕೊಳ್ಳಿ. ‘ಯಾರಾದರೂ ನೋಡಿಕೊಳ್ಳುತ್ತಾರೆ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಫೋನ್ ನಂಬರುಗಳೂ ಕಾಗದದ ಮೇಲೇ ಇರಲಿ. ಚಾರ್ಜ್ ಮುಗಿದ ಫೋನಿನೊಳಗಿನ ನಂಬರ್ ಯಾರಿಗೆ ಬೇಕು?

ಮನೆಯಲ್ಲೇ ಉಳಿಯುವಷ್ಟು ಎತ್ತರದ ಜಾಗವಾದರೆ ಕಿಟಕಿಗೆ ಪ್ಲೈವುಡ್ ಹಲಗೆ ಹಾಕಿ ಸ್ಕ್ರೂ ಬಿಗಿಸಿ. ಗಾಜಿನ ಮೇಲೆ ಟೇಪನ್ನು ಅಡ್ಡಡ್ಡ ಅಂಟಿಸುವುದು ಸುಮ್ನೆ ದಂಡ. ಗಾಜು ಒಡೆದೇ ಒಡೆಯುತ್ತದೆ, ಚೂರುಗಳು ಮಾತ್ರ ಇನ್ನೂ ದೊಡ್ಡದಾಗಿ ಹಾರುತ್ತವೆ. ಒತ್ತಡ ಸರಿಹೋಗಲಿ ಅಂತ ಕಿಟಕಿ ತೆರೆದಿಡುವವರೂ ಇದ್ದಾರೆ. ಖಂಡಿತ ಬೇಡ. ಒಳಗೆ ನುಗ್ಗಿದ ಗಾಳಿ ಚಾವಣಿಯನ್ನೇ ಎತ್ತಿಬಿಡುತ್ತದೆ. ಅಂಗಳದ ಕುಂಡ, ಕುರ್ಚಿ ಎಲ್ಲ ಒಳಗೆ ತನ್ನಿ.

ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್, ಕಡಿಮೆಯೆಂದರೂ ಮೂರು ದಿನಕ್ಕೆ. ಒಂದು ವಾರಕ್ಕೆ ಆದರೆ ಇನ್ನೂ ಒಳ್ಳೆಯದು. ಕಕ್ಕಸಿಗೆ ಬೇರೆ ಡ್ರಮ್ಮು, ಬಕೆಟ್ಟು ತುಂಬಿಡಿ. ಫ್ರಿಜ್ ಬಗ್ಗೆ ಒಂದು ಉಪಾಯ ಹೇಳುತ್ತೇನೆ: ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲಿಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ ಐಸು ಒಮ್ಮೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ. ಒಳಗಿದ್ದದ್ದನ್ನು ತಿನ್ನಬೇಡಿ. ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ.

ಗಾಳಿ ಜೋರಾದಾಗ ಕಿಟಕಿ ಇಲ್ಲದ ಒಳಕೋಣೆ ಸೇರಿ. ನಡುವೆ ಒಮ್ಮೆ ಎಲ್ಲ ಶಾಂತವಾಗಬಹುದು, ಬಿಸಿಲೂ ಬರಬಹುದು. ಅದು ಚಂಡಮಾರುತದ ಕಣ್ಣು, ಮುಗಿದದ್ದಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಮತ್ತೆ ಅಷ್ಟೇ ರಭಸದಲ್ಲಿ ಹೊಡೆಯುತ್ತದೆ. ಹೊರಗೆ ಹೋಗಿ ನೋಡೋಣ ಅಂತ ಎದ್ದವರನ್ನು ಕೈ ಹಿಡಿದು ಕೂರಿಸಿ.

ನನ್ನ ಪ್ರಕಾರ ನಿಜವಾದ ಕಷ್ಟ ಶುರುವಾಗುವುದು ಆಮೇಲೆ. 2017ರಲ್ಲಿ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಚಂಡಮಾರುತ ಬಡಿಯಿತು. ಮೊದಲು 64 ಸಾವು ಅಂದರು, ಆಮೇಲೆ ಅಧಿಕೃತ ಅಂದಾಜು 2,975ಕ್ಕೆ ಏರಿತು. ಹೆಚ್ಚಿನವರು ಹೋದದ್ದು ಗಾಳಿ ನಿಂತ ಮೇಲಿನ ತಿಂಗಳುಗಳಲ್ಲಿ. ಅಲ್ಲಿ ಎಲ್ಲ ಕಡೆ ಕರೆಂಟ್ ಬರಲು ಸುಮಾರು 11 ತಿಂಗಳು ಹಿಡಿಯಿತು. ಕರೆಂಟಿಲ್ಲದೆ ಡಯಾಲಿಸಿಸ್ ಯಂತ್ರ ನಡೆಯುವುದಿಲ್ಲ, ಇನ್ಸುಲಿನ್ ತಂಪಾಗಿರುವುದಿಲ್ಲ, ವಯಸ್ಸಾದವರು ಸೆಕೆಗೆ ತಡೆಯುವುದಿಲ್ಲ. ಅದಕ್ಕೇ ಆ ಹಾಳೆಯ ಹೆಸರುಗಳು ಈಗಲೂ ಬೇಕು. ದಿನಕ್ಕೆ ಎರಡು ಸಲ ಅವರ ಬಾಗಿಲು ತಟ್ಟಿ.

ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲಿ. ಬಾಗಿಲು ತೆರೆದ ಗ್ಯಾರೇಜಾದರೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಕೆಳಗೆ ಬಿದ್ದ ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ನಿಮ್ಮ ಕೆಲಸ ಅಲ್ಲ, ಅಲ್ವಾ? ದೂರ ಇರಿ. ನಲ್ಲಿ ನೀರು ಸರಿ ಇದೆ ಅಂತ ಹೇಳುವವರೆಗೆ ಕುದಿಸಿಯೇ ಕುಡಿಯಿರಿ, ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ.

ನೆನೆದ ಹಾಸಿಗೆ, ಕಾರ್ಪೆಟ್ ಮೇಲೆ ಮಮತೆ ಬೇಡ. ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಆದರೆ ಬಿಸಾಡುವ ಮೊದಲು ಪ್ರತಿಯೊಂದರ ಫೋಟೋ, ಗೋಡೆಯ ಮೇಲಿನ ನೀರಿನ ಗುರುತಿನ ಫೋಟೋ ತೆಗೆದಿಡಿ. ವಿಮೆಯವರು ಕೇಳುತ್ತಾರೆ. ಚಾವಣಿ ರಿಪೇರಿ ಮಾಡಿಕೊಡುತ್ತೇವೆ ಅಂತ ಗುರುತಿಲ್ಲದವರು ಬೀದಿಗೆ ಬರುತ್ತಾರೆ. ಪೂರ್ತಿ ಹಣ ಮುಂಗಡ ಕೇಳಿದರೆ ಕಳಿಸಿಬಿಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಬ್ಬನೇ ಕೆಲಸಗಾರನನ್ನು ಹಿಡಿದರೆ ದರವೂ ಇಳಿಯುತ್ತದೆ, ಕೆಲಸದ ಮೇಲೆ ಕಣ್ಣಿಡಲು ಜನವೂ ಇರುತ್ತಾರೆ.